ಹಾಸಿಗೆ ಕೆಳಗಿನ ವಾಚು

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಕಾಫಿ ತೋಟದ ಸಾಹುಕಾರರ ಮಗ, ತೋಟದ ಕೂಲಿಯವರ ಸಾಲುಮನೆಯ, ಅಂದರೆ ಲೈನ್ ಮನೆಯ ಹುಡುಗ, ಇಬ್ಬರ ಗೆಳೆತನ, ನಡುವೆ ಒಂದು ದ್ರೋಹ, ಮೂವತ್ತು ವರ್ಷ ಕಳೆದ ಮೇಲೆ ಕ್ಷಮೆ. ತೋಟದ ಭಾಗ ಚೆನ್ನಾಗಿದೆ. ಕಾಫಿ ಕಣ, ತೋಟದ ಲೆಕ್ಕ ಬರೆಯುವ ರೈಟರ ಬೈಗುಳ, ಮಳೆಗಾಲದ ಜಿಗಣೆ, ಎಲ್ಲ ಸರಿಯಾಗಿ ಬಂದಿದೆ. ಅಲ್ಲಿ ನನ್ನ ತಕರಾರು ಇಲ್ಲ. ಎಡವಟ್ಟಾಗಿರುವುದು ದ್ರೋಹ ನಡೆದ ಮೇಲಿನ ಪುಟಗಳಲ್ಲಿ.

ಖಾಲಿದ್ ಹೊಸೇನಿಯ 'ದಿ ಕೈಟ್ ರನ್ನರ್' ಓದಿದ ಮೇಲೆ ಇದನ್ನು ಬರೆಯಲು ಕೂತೆ ಎಂದಿದ್ದೀಯ. ಓದುವಾಗಲೇ ಗೊತ್ತಾಯಿತು. ಹಾಗಾದರೆ ಅದನ್ನೇ ಮುಂದಿಟ್ಟುಕೊಂಡು ಮಾತಾಡೋಣ. ನೀನು ಆ ಕಾದಂಬರಿಯಿಂದ ಎತ್ತಿಕೊಂಡಿರುವುದು ಓಣಿಯ ದೃಶ್ಯವನ್ನು. ನನ್ನ ಪ್ರಕಾರ ಎತ್ತಿಕೊಳ್ಳಬೇಕಾಗಿದ್ದದ್ದು ವಾಚಿನ ದೃಶ್ಯ.

ನೆನಪು ಮಾಡಿಕೋ. 1975ರ ಚಳಿಗಾಲ, ಕಾಬೂಲ್. ಗಾಜಿನ ಪುಡಿ ಹಚ್ಚಿದ ದಾರದಿಂದ ಒಬ್ಬರ ಗಾಳಿಪಟ ಇನ್ನೊಬ್ಬರು ಕತ್ತರಿಸುವ ಪಂದ್ಯ. ಶ್ರೀಮಂತರ ಮನೆಯ ಹುಡುಗ ಅಮೀರ್ ಗೆಲ್ಲುತ್ತಾನೆ. ಕೊನೆಗೆ ಕತ್ತರಿಸಿದ ನೀಲಿ ಪಟವನ್ನು ಅವನಿಗಾಗಿ ತರಲು ಆ ಮನೆಯ ಆಳಿನ ಮಗ, ಜೊತೆಗೇ ಬೆಳೆದ ಹಸನ್ ಓಡುತ್ತಾನೆ. ಓಣಿಯಲ್ಲಿ ಅಸೆಫ್ ಮತ್ತು ಅವನ ಜೊತೆಗಾರರು ಅಡ್ಡ ಹಾಕುತ್ತಾರೆ. ಪಟ ಕೊಟ್ಟಿದ್ದರೆ ಬಿಟ್ಟುಬಿಡುತ್ತಿದ್ದರು. ಹಸನ್ ಕೊಡುವುದಿಲ್ಲ. ಅವನ ಮೇಲೆ ಅತ್ಯಾಚಾರ ಆಗುತ್ತದೆ. ಅಮೀರ್ ಮರೆಯಲ್ಲಿ ನಿಂತು ನೋಡುತ್ತಾನೆ, ಆಮೇಲೆ ಓಡಿಹೋಗುತ್ತಾನೆ.

ಹನ್ನೆರಡು ವರ್ಷದ ಹುಡುಗ ಹೆದರಿ ಓಡಿದ. ಇದನ್ನು ಓದುಗರು ಕ್ಷಮಿಸಿಬಿಡುತ್ತಾರೆ, ನಾನಂತೂ ಕ್ಷಮಿಸಿದೆ. ಕ್ಷಮಿಸಲು ಕಷ್ಟವಾಗುವುದು ಮುಂದಿನದ್ದು. ಹಸನ್ ಎದುರು ಬಂದರೆ ಅಮೀರನಿಗೆ ಆಗುವುದಿಲ್ಲ. ಹೊಸ ಆಳುಗಳನ್ನು ಇಟ್ಟುಕೊಳ್ಳೋಣವಾ ಎಂದು ಅಪ್ಪನನ್ನು ಕೇಳಿ ಬೈಸಿಕೊಳ್ಳುತ್ತಾನೆ. ಗುಡ್ಡದ ಮೇಲೆ ದಾಳಿಂಬೆ ಹಣ್ಣುಗಳನ್ನು ಹಸನ್ ಮೇಲೆ ಎಸೆದು, ತಿರುಗಿ ಹೊಡಿ ಎಂದು ಕಿರುಚುತ್ತಾನೆ. ಪೆಟ್ಟು ತಿಂದರೆ ಲೆಕ್ಕ ಚುಕ್ತಾ ಆಗುತ್ತದೆಂದು ಅವನ ಆಸೆ. ಹಸನ್ ಒಂದು ಹಣ್ಣನ್ನು ತನ್ನ ಹಣೆಗೇ ಜಜ್ಜಿಕೊಂಡು ಹೊರಟುಹೋಗುತ್ತಾನೆ. ಕೊನೆಗೆ ಅಮೀರ್ ಹುಟ್ಟುಹಬ್ಬಕ್ಕೆ ಬಂದ ವಾಚು ಮತ್ತು ಒಂದಷ್ಟು ದುಡ್ಡನ್ನು ಹಸನ್ ಹಾಸಿಗೆಯ ಕೆಳಗೆ ಇಟ್ಟು ಕಳ್ಳತನದ ಆರೋಪ ಹೊರಿಸುತ್ತಾನೆ.

ಇದು ಹೆದರಿಕೆಯಲ್ಲಿ ಆದದ್ದಲ್ಲ. ಕೂತು ಯೋಚಿಸಿ ಮಾಡಿದ್ದು. ತನ್ನ ತಪ್ಪಿಗೆ ಸಾಕ್ಷಿಯಾದವನು ಕಣ್ಣ ಮುಂದೆ ಇರಬಾರದು, ಅಷ್ಟೇ. ಕದ್ದೆಯಾ ಎಂದು ಅಮೀರನ ಅಪ್ಪ ಬಾಬಾ ಕೇಳಿದಾಗ ಹಸನ್ ಹೌದು ಅನ್ನುತ್ತಾನೆ. ಅಮೀರ್ ಓಣಿಯಲ್ಲಿದ್ದದ್ದು ಇವನಿಗೆ ಮೊದಲಿಂದಲೂ ಗೊತ್ತಿತ್ತು ಎಂಬುದು ಆಗ ತಿಳಿಯುತ್ತದೆ. ಕಳ್ಳತನವೊಂದೇ ಪಾಪ, ಉಳಿದದ್ದೆಲ್ಲ ಅದರದ್ದೇ ರೂಪ ಅನ್ನುವ ಮನುಷ್ಯ ಬಾಬಾ. ಅವನು ಆ ಕ್ಷಣವೇ ಕ್ಷಮಿಸಿಬಿಡುತ್ತಾನೆ. ಯಾಕೆ ಎಂಬ ಪ್ರಶ್ನೆ ಓದುಗನ ಬಾಯಲ್ಲೇ ಉಳಿಯುತ್ತದೆ. ಹಸನ್ ಬಾಬಾನದೇ ಮಗ ಎಂಬ ಉತ್ತರ ಸಿಗುವುದು ಎಷ್ಟೋ ವರ್ಷದ ನಂತರ, ಪೆಶಾವರದಲ್ಲಿ, ಬಾಬಾನ ಹಳೆಯ ಗೆಳೆಯ ರಹೀಮ್ ಖಾನ್ ಬಾಯಿಂದ. ಗುಟ್ಟನ್ನು ಹೂಳುವುದಾದರೆ ಹೀಗೆ ಹೂಳಬೇಕು. ಕಣ್ಣೆದುರೇ, ಒಂದು ಕ್ಷಮೆಯೊಳಗೆ.

ಈಗ ನಿನ್ನ ಹುಡುಗನನ್ನು ನೋಡು. ಮೆಣಸಿನ ಮೂಟೆ ಕಳುವಾದಾಗ ಗೆಳೆಯನ ಪರ ಬಾಯಿ ಬಿಡಲಿಲ್ಲ. ಸರಿ. ಮರುದಿನ ಎದುರು ಸಿಕ್ಕಾಗ ಏನು ಮಾಡಿದ? ಮಾತಾಡಿಸಿದನಾ? ದಾರಿ ಬದಲಿಸಿದನಾ? ನೀನು ನೇರ ಬೆಂಗಳೂರಿನ ಕಾಲೇಜಿಗೆ ಹಾರಿದ್ದೀಯ. ಅಲ್ಲಿಂದ ಮುಂದೆ ಅವನಿಗೆ ಬರೀ ನಿದ್ದೆ ಬರದ ರಾತ್ರಿಗಳು. ನಿದ್ದೆ ಬರದವನ ಬಗ್ಗೆ ಎಷ್ಟು ಪುಟ ಓದುವುದು ಹೇಳು? ತಪ್ಪು ಮಾಡಿದವನು ಆ ತಪ್ಪನ್ನು ಮುಚ್ಚಲು ಇನ್ನೇನು ಮಾಡಿದ ಎಂಬುದು ನನಗೆ ಬೇಕು. ಅವನು ಕೆಟ್ಟವನಾಗಿ ಕಾಣುತ್ತಾನೆಂದು ನಿನಗೆ ಭಯ ಇರಬಹುದು. ಕಾಣಲಿ ಬಿಡು.

ಇನ್ನು ನಿಷ್ಠೆಯ ವಿಷಯ. ಇಲ್ಲಿ ಹೊಸೇನಿಯ ಜೊತೆಗೇ ನನಗೆ ಜಗಳವಿದೆ. ಹಸನ್ ಯಾವಾಗ ಜೀವ ತುಂಬಿ ನಿಲ್ಲುತ್ತಾನೆ ಗೊತ್ತಾ? ಅಮೀರ್ ತನ್ನ ಮೊದಲ ಕಥೆ ಓದಿ ಹೇಳಿದಾಗ. ಒಬ್ಬನ ಕಣ್ಣೀರು ಮುತ್ತಾಗುತ್ತದೆ, ಅಳುವುದಕ್ಕೆಂದು ಅವನು ಹೆಂಡತಿಯನ್ನೇ ಕೊಲ್ಲುತ್ತಾನೆ. ಓದು ಬರಹ ಬಾರದ ಹಸನ್ ಮೆಲ್ಲಗೆ ಕೇಳುತ್ತಾನೆ, ಒಂದು ಈರುಳ್ಳಿ ಮೂಸಿದ್ದರೆ ಸಾಕಾಗುತ್ತಿರಲಿಲ್ಲವಾ ಎಂದು. ಇನ್ನೊಮ್ಮೆ, ನಾನು ಹೇಳಿದರೆ ಮಣ್ಣು ತಿನ್ನುತ್ತೀಯಾ ಎಂದು ಅಮೀರ್ ಕೆಣಕುತ್ತಾನೆ. ತಿನ್ನುತ್ತೇನೆ, ಆದರೆ ನೀನು ಹಾಗೆ ಹೇಳುತ್ತೀಯಾ ಎಂದು ಹಸನ್ ತಿರುಗಿ ಕೇಳುತ್ತಾನೆ. ನಿಷ್ಠೆಯೂ ಉಳಿಯಿತು, ಸ್ವಂತ ಬುದ್ಧಿಯೂ ಉಳಿಯಿತು. ದೊಡ್ಡವನಾದ ಮೇಲೆ ಆ ಹಸನ್ ನನಗೆ ಸಿಗಲಿಲ್ಲ. ಅವನು ಅಮೀರನಿಗೆ ಬರೆದ ಪತ್ರದಲ್ಲಿ ಒಂದು ಕಹಿ ಮಾತಿಲ್ಲ. ಅಮೀರನ ಮನೆ ಕಾಯುತ್ತಲೇ ತಾಲಿಬಾನಿನ ಗುಂಡಿಗೆ ಸಾಯುತ್ತಾನೆ. ಓದುವಾಗ ಕಣ್ಣು ತುಂಬಿ ಬಂತು, ನಿಜ. ಪುಸ್ತಕ ಮಡಚಿದ ಮೇಲೆ ಅನುಮಾನವೂ ಬಂತು. ಅಮೀರನಿಗೆ ಅಳಲು ಅನುಕೂಲವಾಗಲೆಂದು ಇವನನ್ನು ಇಷ್ಟು ಒಳ್ಳೆಯವನನ್ನಾಗಿ ಮಾಡಿದರಾ? ಆ ಕಥೆಯಲ್ಲಿ ಹೆಂಡತಿ ಸತ್ತ ಹಾಗೆ?

ನಿನ್ನ ಲೈನ್ ಮನೆ ಹುಡುಗನಿಗೂ ಇದೇ ಗತಿಯಾಗಿದೆ. ಮೂವತ್ತು ವರ್ಷ ಅವನಿಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ನಂಬುವುದು ಹೇಗೆ?

ಒಂದು ಮಾತು ಮರೆಯಬೇಡ. ಅಮೀರ್ ಅಫ್ಘಾನಿಸ್ತಾನದ ಪ್ರಬಲ ಜನಾಂಗವಾದ ಪಶ್ತೂನ್, ಹಸನ್ ಅಲ್ಲಿ ತುಳಿತಕ್ಕೆ ಸಿಕ್ಕ ಹಜಾರಾ. 1890ರ ದಶಕದಲ್ಲಿ ಅಲ್ಲಿನ ದೊರೆ ಅಬ್ದುರ್ ರಹಮಾನ್ ಖಾನ್ ಹಜಾರಾ ಜನರ ದಂಗೆಯನ್ನು ಕ್ರೂರವಾಗಿ ತುಳಿದ. 1998ರ ಆಗಸ್ಟಿನಲ್ಲಿ ಮಜಾರ್-ಇ-ಶರೀಫಿನಲ್ಲಿ ತಾಲಿಬಾನ್ ಹಜಾರಾಗಳನ್ನು ಹುಡುಕಿ ಕೊಂದಿತು. ಓಣಿಯ ಬಾಯಲ್ಲಿ ನಿಂತ ಹುಡುಗನ ತಲೆಯಲ್ಲಿ, ಅವನು ಎಷ್ಟಾದರೂ ಹಜಾರಾ ತಾನೆ ಎಂಬ ಯೋಚನೆ ಹಾದುಹೋಗುವುದು ಸುಮ್ನೆ ಅಲ್ಲ. ನೆಂಟರಿಷ್ಟರ ಮಕ್ಕಳು ಬಂದಾಗ ಹಸನ್‌ನನ್ನು ಆಟಕ್ಕೆ ಸೇರಿಸಿಕೊಳ್ಳದ ಹುಡುಗನೂ ಅವನೇ. ಬಿಟ್ಟು ಓಡಬಹುದು ಎಂಬ ಅನುಮತಿಯನ್ನು ಊರು ಅವನಿಗೆ ಮೊದಲೇ ಕೊಟ್ಟಿತ್ತು. ನಿನ್ನ ಸಾಹುಕಾರರ ಮಗನಿಗೂ ತೋಟ ಅಂಥ ಅನುಮತಿ ಕೊಟ್ಟಿರುತ್ತದೆ. ಲೈನಿನ ಹುಡುಗ ಬಂಗಲೆಯ ಒಳಗೆ ಎಲ್ಲಿಯವರೆಗೆ ಬರುತ್ತಿದ್ದ? ಕಾಫಿ ಕೊಟ್ಟರೆ ಯಾವ ಲೋಟದಲ್ಲಿ? ಇದೆಲ್ಲ ನಿನಗೆ ನನಗಿಂತ ಜಾಸ್ತಿ ಗೊತ್ತು. ಬರೆದಿಲ್ಲ, ಅಷ್ಟೇ.

ಪ್ರಾಯಶ್ಚಿತ್ತದ ಭಾಗಕ್ಕೆ ಬರುತ್ತೇನೆ. ಅಸೆಫನೇ ತಾಲಿಬಾನಿ ಆಗಿ ಮತ್ತೆ ಎದುರಾಗುವುದು, ಅಮೀರ್ ಪೆಟ್ಟು ತಿನ್ನುತ್ತ ನಗುವುದು, ಹಸನ್ ಮಗ ಸೊಹ್ರಾಬ್ ಕವಣೆ ಬೀಸಿ ಅಸೆಫನ ಕಣ್ಣು ತೆಗೆಯುವುದು, ಇವೆಲ್ಲ ನನಗೆ ಸಿನಿಮಾದ ಹಾಗೆ ಕಂಡವು. ನಿನಗೆ ಅದೇ ಇಷ್ಟವಾಗಿರಬೇಕು, ನಿನ್ನ ಹೊಡೆದಾಟದ ಅಧ್ಯಾಯ ನೋಡಿದರೆ ಗೊತ್ತಾಗುತ್ತದೆ. ನಾನು ಮೆಚ್ಚಿದ್ದು ಬೇರೆ ಎರಡು ಜಾಗ. ಅಮೆರಿಕ ಸೇರಿದ್ದ ಅಮೀರ್ ಸೊಹ್ರಾಬನನ್ನು ಹುಡುಕಿಕೊಂಡು ಅಫ್ಘಾನಿಸ್ತಾನಕ್ಕೆ ವಾಪಸ್ ಬಂದಾಗ ಒಂದು ಬಡಮನೆಯಲ್ಲಿ ಉಳಿಯುತ್ತಾನೆ. ಮಕ್ಕಳು ತನ್ನ ವಾಚನ್ನೇ ನೋಡುತ್ತಿವೆ ಎಂದುಕೊಂಡು ಅದನ್ನು ಕೊಟ್ಟುಬಿಡುತ್ತಾನೆ. ಅವು ನೋಡುತ್ತಿದ್ದದ್ದು ಅವನ ತಟ್ಟೆಯ ಊಟವನ್ನು. ಹೊರಡುವಾಗ ಯಾರಿಗೂ ಹೇಳದೆ ಹಾಸಿಗೆಯ ಕೆಳಗೆ ದುಡ್ಡು ತುರುಕಿ ಹೋಗುತ್ತಾನೆ. ಅದೇ ಕೈ, ಅದೇ ಕೆಲಸ. ಭಾಷಣವಿಲ್ಲ.

ಇನ್ನೊಂದು ಇದಕ್ಕಿಂತ ಕಠಿಣ. ನಿನ್ನನ್ನು ಅನಾಥಾಲಯಕ್ಕೆ ಕಳಿಸುವುದಿಲ್ಲ ಎಂದು ಸೊಹ್ರಾಬನಿಗೆ ಮಾತು ಕೊಟ್ಟವನು, ಅವನನ್ನು ಅಮೆರಿಕಕ್ಕೆ ಕರೆದೊಯ್ಯಲು ವೀಸಾದ ತೊಡಕು ಬಂದ ಕೂಡಲೇ ಅದೇ ಮಾತು ಎತ್ತುತ್ತಾನೆ. ಮಗು ಮಣಿಕಟ್ಟು ಕೊಯ್ದುಕೊಳ್ಳುತ್ತದೆ. ಅಷ್ಟೊಂದು ಪೆಟ್ಟು ತಿಂದು, ಲೆಕ್ಕ ತೀರಿತು ಎಂದುಕೊಂಡವನು ಮತ್ತೆ ಕೈಬಿಟ್ಟ. ಹುಡುಗ ಬದುಕುತ್ತಾನೆ, ಆದರೆ ತಿಂಗಳುಗಟ್ಟಲೆ ಮಾತಾಡುವುದಿಲ್ಲ. ಕೊನೆಗೆ ಸಿಗುವುದು ಒಂದು ಅರೆನಗು, ಅಷ್ಟೇ. ಹಸನ್ ಸತ್ತಾಗಿದೆ, ಅವನಿಂದ ಕ್ಷಮೆ ಕೇಳುವ ದಾರಿಯೇ ಇಲ್ಲ. ನೀನೋ ಆಸ್ಪತ್ರೆಯ ಹಾಸಿಗೆಯ ಮೇಲೆ ಗೆಳೆಯನನ್ನು ಮಲಗಿಸಿ, ಅವನ ಬಾಯಿಂದಲೇ "ಬಿಡು, ಅದೆಲ್ಲ ಯಾವತ್ತೋ ಮರೆತೆ" ಅನ್ನಿಸಿದ್ದೀಯ. ಆ ಅಧ್ಯಾಯ ತೆಗೆದುಬಿಡು. ಸಾಹುಕಾರರ ಮಗ ಕೇಳಲಿ, ಅವನು ಉತ್ತರ ಕೊಡದಿರಲಿ. ಅಥವಾ ಎದ್ದು ಹೋಗಲಿ.

ಹೊಸೇನಿ ಹನ್ನೊಂದನೇ ವಯಸ್ಸಿಗೆ ಕಾಬೂಲ್ ಬಿಟ್ಟವರು. ಅಮೆರಿಕದಲ್ಲಿ ಡಾಕ್ಟರಾಗಿ ಕೆಲಸ ಮಾಡುತ್ತಿದ್ದರು. ತಾಲಿಬಾನ್ ಗಾಳಿಪಟ ನಿಷೇಧಿಸಿದ ಸುದ್ದಿ ಕೇಳಿ 1999ರಲ್ಲಿ ಒಂದು ಸಣ್ಣಕಥೆ ಬರೆದಿಟ್ಟರು. 2001ರಲ್ಲಿ ಅದನ್ನು ಮತ್ತೆ ತೆಗೆದು ಬೆಳೆಸಿದರು. ಪುಸ್ತಕ ಬಂದದ್ದು 2003ರಲ್ಲಿ. ಆದ್ದರಿಂದ ನೀನೂ ಈ ಯುಗಾದಿಗೇ ಪ್ರಿಂಟ್ ಆಗಬೇಕೆಂದು ಹಟ ಹಿಡಿಯಬೇಡ.

ಸದ್ಯಕ್ಕೆ ಒಂದು ಕೆಲಸ ಮಾಡು. ಮೂಟೆ ಕಳುವಾದ ಮರುದಿನವನ್ನು ಲೈನ್ ಮನೆ ಹುಡುಗನ ಕಡೆಯಿಂದ ಬರೆ. ಪುಸ್ತಕದಲ್ಲಿ ಸೇರಿಸಬೇಕೆಂದೇನಿಲ್ಲ. ಅವನ ಅಮ್ಮ ಏನಂದಳು, ರೈಟರು ಕೂಲಿ ಹಿಡಿದರಾ, ಆ ವಾರ ಸ್ಕೂಲಿಗೆ ಹೋದನಾ, ಈಗ ಅವನು ಯಾವ ಊರಿನಲ್ಲಿ ಏನು ಕೆಲಸ ಮಾಡುತ್ತಾನೆ, ಮದುವೆ ಆಗಿದೆಯಾ? ಇಷ್ಟು ದಪ್ಪದ ಹಸ್ತಪ್ರತಿಯಲ್ಲಿ ಇದ್ಯಾವುದೂ ನನಗೆ ಸಿಗಲಿಲ್ಲ. ಬರೆದಾದ ಮೇಲೆ ಆ ಪುಟಗಳನ್ನಷ್ಟೇ ಕಳಿಸು.

ಪ್ರೀತಿಯಿಂದ,
ನಿನ್ನ ಅಣ್ಣ