ಆ ಮರದ ಎಲೆ ಕೀಳಲು ಕೈ ಬರುತ್ತಿಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ಅವತ್ತು ಫೋನಿನಲ್ಲಿ ಕೇಳಿದೆಯಲ್ಲ, "ನೀನು ಓದುತ್ತಿರುವುದು ಏನು ಅಂತ ನಮ್ಮಮ್ಮನಿಗೆ ಅರ್ಥವಾಗುವ ಹಾಗೆ ಹೇಳು" ಅಂತ. ನಾನು ಶುರು ಮಾಡುವಷ್ಟರಲ್ಲಿ ಲೈನ್ ಹೋಯಿತು. ಮಳೆಯಿಲ್ಲ, ಗಾಳಿಯಿಲ್ಲ, ಆದರೂ ಹೋಯಿತು. ನಮ್ಮ ಕಡೆಯ ನೆಟ್‌ವರ್ಕ್ ನಿನಗೆ ಹೊಸದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತೇನೆ. ತೋಟ ಇರುವವರು ಯಾರಾದರೂ ಓದಿದರೆ ಉಪಯೋಗವಾಗಲಿ. ಹೆದರಬೇಡ, ಹಸಿರು ಛತ್ರಿಯ ವಿಚಾರ ಬರೆಯುವುದಿಲ್ಲ. ಬೆಟ್ಟಗೇರಿ ಬಸ್ಸಿನದ್ದೂ ಬರೆಯುವುದಿಲ್ಲ.

ಚಿಕ್ಕ ಅಳುವಾರದ ಕ್ಯಾಂಪಸ್ಸಿನಲ್ಲಿ ನಾನು ಓದುತ್ತಿರುವುದು ಜೀವಕೋಶದ ಬಗ್ಗೆ. ಕೋಶದೊಳಗೆ ಏನೇನಿದೆ, ಡಿಎನ್‌ಎಯಲ್ಲಿ ಇರುವುದು ಆರ್‌ಎನ್‌ಎ ಆಗಿ, ಆಮೇಲೆ ಪ್ರೋಟೀನ್ ಆಗಿ ಹೇಗೆ ಕೆಲಸಕ್ಕೆ ಇಳಿಯುತ್ತದೆ, ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತದೆ. ಅಮ್ಮನಿಗೆ ಇಷ್ಟು ಹೇಳು, ಸಾಕು. ನಿನಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನನ್ನನ್ನು ಹಿಡಿದು ಕೂರಿಸಿದ್ದು ಫ್ಲೋಯಂ. ಶಾಲೆಯಲ್ಲಿ ಚಿತ್ರ ಬರೆದು ಐದು ಅಂಕ ತೆಗೆದುಕೊಂಡು ಮರೆತಿದ್ದೆವು ಅಲ್ವಾ? ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯುವ ದಾರಿ ಅದು. ಆ ದಾರಿಯ ಕೋಶಗಳು ಬೆಳೆಯುತ್ತಾ ಬೆಳೆಯುತ್ತಾ ತಮ್ಮ ನ್ಯೂಕ್ಲಿಯಸ್ಸನ್ನೇ ಕಳೆದುಕೊಳ್ಳುತ್ತವೆ. ಸಕ್ಕರೆ ಹರಿಯಲಿ ಅಂತ ಒಳಗಿನದ್ದನ್ನೆಲ್ಲ ಹೆಚ್ಚುಕಡಿಮೆ ಖಾಲಿ ಮಾಡಿಕೊಳ್ಳುತ್ತವೆ. ಆದರೂ ಸಾಯುವುದಿಲ್ಲ. ಪಕ್ಕದಲ್ಲೇ ಅಂಟಿಕೊಂಡಿರುವ ಕಂಪ್ಯಾನಿಯನ್ ಕೋಶ ಸಣ್ಣ ಸಣ್ಣ ಕಿಂಡಿಗಳಿಂದ ಬೇಕಾದ ಪ್ರೋಟೀನ್ ಕಳಿಸಿ ಬದುಕಿಸುತ್ತದೆ. ಇದನ್ನು ಸರಿಯಾಗಿ ಓದಿ ತಿಳಿದುಕೊಂಡ ರಾತ್ರಿ ಹಾಸ್ಟೆಲಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೆ. ಕಾಮರ್ಸ್ ಓದುವವನೊಬ್ಬ ಪಾಪ, ತಟ್ಟೆ ಹಿಡಿದುಕೊಂಡು ಪೂರ್ತಿ ಕೇಳಿದ.

ಕಿತ್ತಳೆ ಮರದಲ್ಲಿ ಈ ದಾರಿಯೊಳಗೆ ಮಾತ್ರ ಬದುಕುವ ಒಂದು ಬ್ಯಾಕ್ಟೀರಿಯಾ ಇದೆ. ಹೆಸರು ಕ್ಯಾಂಡಿಡೇಟಸ್ ಲಿಬೆರಿಬ್ಯಾಕ್ಟರ್ ಏಷ್ಯಾಟಿಕಸ್. ಗ್ರೀನಿಂಗ್ ರೋಗ ತರುವುದು ಇದೇ. ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಇದನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ಇದರ ಡಿಎನ್‌ಎಯನ್ನು ಪೂರ್ತಿ ಓದಿ ಪ್ರಕಟಿಸಿದ್ದು 2009ರಲ್ಲಿ. ಸುಮಾರು 12 ಲಕ್ಷ ಅಕ್ಷರ, ಅಷ್ಟೇ. ನಮ್ಮ ಕರುಳಿನ ಇ. ಕೋಲಿಗೆ 46 ಲಕ್ಷ ಇದೆ. ತನ್ನ ಊಟ ತಾನೇ ಮಾಡಿಕೊಳ್ಳಲು ಬೇಕಾದ ಎಷ್ಟೋ ಜೀನ್‌ಗಳು ಇದಕ್ಕಿಲ್ಲ. ಮರದ ಕೋಶದ ಎಟಿಪಿಯನ್ನು, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣುವನ್ನು, ಎಳೆದುಕೊಳ್ಳುವ ಪ್ರೋಟೀನ್ ಮಾತ್ರ ಇದೆ.

ಇದು ಒಳಗೆ ಸೇರಿದರೆ ಮರ ತನ್ನನ್ನು ಕಾಪಾಡಿಕೊಳ್ಳಲು ಕ್ಯಾಲೋಸ್ ಅನ್ನುವ ವಸ್ತು ಸುರಿದು ಫ್ಲೋಯಂನ ತೂತುಗಳನ್ನು ಮುಚ್ಚುತ್ತದೆ. ಸಕ್ಕರೆ ಕೆಳಗೆ ಇಳಿಯುವುದಿಲ್ಲ. ಎಲೆಯಲ್ಲೇ ಪಿಷ್ಟವಾಗಿ ಗಟ್ಟಿಯಾಗುತ್ತದೆ. ಎಲೆ ಹಳದಿಯಾಗುತ್ತದೆ. ನೋಡಿದವರಿಗೆ ಎಲೆ ಉಪವಾಸ ಬಿದ್ದ ಹಾಗೆ ಕಾಣುತ್ತದೆ. ಆದರೆ ಹಸಿವು ಎಲೆಗಲ್ಲ ಕಣೋ, ಬೇರಿಗೆ.

ಇದು ತಲೆಗೆ ಹೋದಾಗ ನನಗೆ ಅಜ್ಜ ನೆನಪಾದರು. ಕಾಫಿ ಸಾಲಿನ ನಡುವೆ ಕಿತ್ತಳೆ ಇದ್ದದ್ದು ನಿನಗೂ ನೆನಪಿರಬೇಕು. ನಾವು ಚಿಕ್ಕವರಿದ್ದಾಗಲೇ ಒಂದೊಂದಾಗಿ ಒಣಗುತ್ತಿದ್ದವು. ಅಜ್ಜ ಸುಣ್ಣ ಹಾಕಿಸಿದರು, ಕೊಟ್ಟಿಗೆ ಗೊಬ್ಬರ ಹಾಕಿಸಿದರು, ಯಾರೋ ಹೇಳಿದರು ಅಂತ ಎಲೆಗೆ ಜಿಂಕ್ ಹೊಡೆಸಿದರು. ಜಿಂಕ್ ಕಮ್ಮಿಯಾದರೂ ಎಲೆ ಹಳದಿಯಾಗುತ್ತದೆ, ಅದಕ್ಕೇ. ವ್ಯತ್ಯಾಸ ಹೇಗೆ ಗೊತ್ತಾ? ಎಲೆಯ ನಡುನರದ ಎರಡೂ ಕಡೆ ಎದುರುಬದುರು ಪೆನ್ನಿನಲ್ಲಿ ಸೊನ್ನೆ ಸುತ್ತಬೇಕು. ಎರಡರ ಒಳಗೂ ಬಣ್ಣ ಒಂದೇ ರೀತಿ ಇದ್ದರೆ ಸಾಮಾನ್ಯವಾಗಿ ಪೋಷಕಾಂಶದ ಕೊರತೆ. ಒಂದು ಕಡೆ ಹಸಿರು, ಅದರ ಎದುರಿಗೇ ಹಳದಿ ಬಂದರೆ ಗ್ರೀನಿಂಗ್ ಇರಬಹುದು ಅಂತ ಅನುಮಾನ ಪಡಬೇಕು. ಹಣ್ಣು ಸಣ್ಣದಾಗಿ, ಸೊಟ್ಟಗಾಗಿ, ತುದಿಯಲ್ಲಿ ಹಸಿರು ಉಳಿದರೆ ಅನುಮಾನ ಇನ್ನೂ ಜಾಸ್ತಿ. ಅಜ್ಜನ ಮರಗಳಿಗೆ ಬಂದದ್ದು ಇದೇ ಅಂತ ನಾನು ಹೇಳಲಾರೆ. ಟ್ರಿಸ್ಟೆಝಾ ವೈರಸ್ ಇದ್ದಿರಬಹುದು, ಬೇರು ಕೊಳೆತಿರಬಹುದು. ಪರೀಕ್ಷೆ ಮಾಡೋಣ ಅಂದರೆ ಮರಗಳೇ ಇಲ್ಲ.

ಒಂದು ಬಿಟ್ಟು.

ಮನೆಯ ಹಿಂದೆ, ಬಚ್ಚಲ ನೀರು ಹರಿದುಹೋಗುವ ಕಡೆ ಇದೆಯಲ್ಲ, ಆ ಮರ. ಅಜ್ಜಿ ಪಾತ್ರೆ ತೊಳೆದ ನೀರನ್ನೂ ಅದರ ಬುಡಕ್ಕೇ ಹಾಕುತ್ತಾರೆ. ಈ ಸಲ ಮನೆಗೆ ಹೋದಾಗ ಅದರ ಪಡುವಣ ಕಡೆಯ ಒಂದು ಕೊಂಬೆ ಹಳದಿಯಾಗಿತ್ತು. ಪೆನ್ನು ತೆಗೆಯಬೇಕಾಗಿಯೇ ಇರಲಿಲ್ಲ. ಪಕ್ಕದಲ್ಲೇ ಕರಿಬೇವಿನ ಗಿಡ ಇದೆ. ಗ್ರೀನಿಂಗ್ ಹರಡುವ ಸಿಲ್ಲಾ ಕೀಟಕ್ಕೆ ಕರಿಬೇವಿನ ಚಿಗುರೂ ಇಷ್ಟ. ಮೂರ್ನಾಲ್ಕು ಮಿಲಿಮೀಟರ್ ಉದ್ದದ ಕೀಟ, ಬಾಲ ಮೇಲೆತ್ತಿ ಓರೆಯಾಗಿ ಕೂರುತ್ತದೆ. ಕರಿಬೇವಿನ ಚಿಗುರು ಬಗ್ಗಿಸಿ ನೋಡಿದೆ. ಕೂತಿತ್ತು.

ಪರೀಕ್ಷೆ ನನಗೆ ಕಷ್ಟದ ಕೆಲಸವಲ್ಲ. ಎಲೆಯ ನಡುನರ ಅರೆದು ಡಿಎನ್‌ಎ ತೆಗೆಯಬೇಕು. ಆಮೇಲೆ ಪಿಸಿಆರ್, ಅಂದರೆ ಬೇಕಾದ ಡಿಎನ್‌ಎ ಚೂರನ್ನು ಮತ್ತೆ ಮತ್ತೆ ನಕಲು ಮಾಡುವುದು. ಬ್ಯಾಕ್ಟೀರಿಯಾದ ಡಿಎನ್‌ಎ ಚೂರು ಇದ್ದರೆ ಪ್ರತಿ ಸುತ್ತಿಗೂ ಎರಡರಷ್ಟಾಗುತ್ತದೆ. 30 ಸುತ್ತಿಗೆ ಲೆಕ್ಕದ ಪ್ರಕಾರ ಒಂದು ಚೂರು 100 ಕೋಟಿ ದಾಟುತ್ತದೆ. ಪ್ರತಿ ಸುತ್ತಿನಲ್ಲೂ ಸುಮಾರು 95 ಡಿಗ್ರಿ ಶಾಖ ತಡೆದುಕೊಂಡು ಈ ಕೆಲಸ ಮಾಡುವ ಕಿಣ್ವ ಮೊದಲು ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ. ಅಲ್ಲಿಯದ್ದು ಸುಂಟಿಕೊಪ್ಪದ ಕಿತ್ತಳೆಯ ಕಾಯಿಲೆ ಹೇಳುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೊನೆಗೆ ಜೆಲ್ ಅನ್ನುವ ಲೋಳೆ ಪದರದ ಮೇಲೆ ಆ ಡಿಎನ್‌ಎಯ ಒಂದು ಗೆರೆ ಕಾಣಬೇಕು, ಇಲ್ಲ ಕಾಣಬಾರದು.

ಗೆರೆ ಕಾಣದಿದ್ದರೆ ರೋಗ ಇಲ್ಲ ಅಂತಲೂ ಅಲ್ಲ. ಈ ಬ್ಯಾಕ್ಟೀರಿಯಾ ಮರದ ತುಂಬ ಒಂದೇ ಸಮ ಇರುವುದಿಲ್ಲ. ನಾಲ್ಕೂ ಕಡೆಯ ಎಲೆ ತರಬೇಕು. ಗೆರೆ ಕಂಡರೆ ಮಾತ್ರ ಕಷ್ಟ. ಗ್ರೀನಿಂಗ್ ಬಂದ ಮರವನ್ನು ಗುಣ ಮಾಡುವ ಔಷಧಿ ಇಲ್ಲ. ಟೆಟ್ರಾಸೈಕ್ಲಿನ್ ಚುಚ್ಚಿದರೆ ಸ್ವಲ್ಪ ಕಾಲ ತಗ್ಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ಓದಿದವರೆಲ್ಲ ಹೇಳುವುದು ಒಂದೇ: ಮರ ತೆಗೆಯಿರಿ, ಸಿಲ್ಲಾ ಹತೋಟಿಯಲ್ಲಿಡಿ, ರೋಗವಿಲ್ಲದ ಸಸಿ ನೆಡಿ. ಬೇಲಿಯಾಚೆ ಪಕ್ಕದ ಮನೆ ಮಾವ ಹೊಸದಾಗಿ ಕಿತ್ತಳೆ ಸಸಿ ಹಾಕಿದ್ದಾರೆ. ಎಳೆ ಚಿಗುರು ಬಿಟ್ಟಿವೆ. ನಮ್ಮ ಮರದಿಂದ ಅಲ್ಲಿಗೆ ಹೋಗಲು ಸಿಲ್ಲಾಕ್ಕೆ ಎಷ್ಟು ಹೊತ್ತು ಬೇಕು?

ಇಷ್ಟೆಲ್ಲ ಗೊತ್ತಿದ್ದೂ ನಾನು ಎಲೆ ಕಿತ್ತುಕೊಂಡು ಬರಲಿಲ್ಲ.

ಅಜ್ಜಿ ಕೇಳಿದರು, "ಏನು ನೋಡ್ತಿದ್ದೀಯ ಮಗಾ?" ಕೊಂಬೆ ಒಣಗುತ್ತಿದೆ ಅಜ್ಜಿ, ಯಾಕೆ ಅಂತ ನೋಡಬೇಕು ಅಂದೆ. "ನೋಡು, ಅದಕ್ಕೇ ಅಲ್ವಾ ನಿನ್ನ ಓದಿಸ್ತಿರೋದು" ಅಂದರು. ಕಾಯಿಲೆಗೆ ಹೆಸರು ಸಿಕ್ಕಿದರೆ ಮದ್ದೂ ಸಿಗುತ್ತದೆ ಅಂತ ಅಜ್ಜಿಯ ನಂಬಿಕೆ. ನಾನೂ ಹಾಗೇ ನಂಬಿ ಈ ಓದಿಗೆ ಸೇರಿದ್ದು.

ಸಮಾಧಾನ ಕೊಡುವ ವಿಷಯ ಒಂದಿದೆ, ಅದನ್ನೂ ಕೇಳು. ಕಿತ್ತಳೆ ಬೀಜ ಒಡೆದು ನೋಡಿದರೆ ಎಷ್ಟೋ ಸಲ ಒಳಗೆ ಒಂದಕ್ಕಿಂತ ಜಾಸ್ತಿ ಭ್ರೂಣ ಇರುತ್ತದೆ. ಪರಾಗದಿಂದ ಹುಟ್ಟಿದ್ದು ಅದರಲ್ಲಿ ಒಂದು. ಉಳಿದವು ತಾಯಿಮರದ ನ್ಯೂಸೆಲಸ್, ಅಂದರೆ ಮುಂದೆ ಬೀಜವಾಗುವ ಅಂಡಕದ ಒಳಭಾಗದ ಕೋಶಗಳಿಂದ ನೇರವಾಗಿ ಬಂದವು. ತಾಯಿಯದ್ದೇ 18 ಕ್ರೋಮೋಸೋಮ್, ತಾಯಿಯದ್ದೇ ಡಿಎನ್‌ಎ. ಅಂದರೆ ಬೀಜದಿಂದ ಎದ್ದರೂ ಅದು ಅದೇ ಮರ. ಗ್ರೀನಿಂಗ್ ಬೀಜದ ಮೂಲಕ ಹರಡುವುದಿಲ್ಲ ಅಂತಲೇ ಪ್ರಯೋಗಗಳು ತೋರಿಸಿವೆ. ಮೂಡಣ ಕಡೆಯ ಚೆನ್ನಾಗಿರುವ ಹಣ್ಣಿನ ಬೀಜ ಹಾಕಿ, ಸಿಲ್ಲಾ ಮುಟ್ಟದ ಹಾಗೆ ಬಲೆಯೊಳಗೆ ಬೆಳೆಸಿದರೆ ಅಜ್ಜ ನೆಟ್ಟ ಮರವನ್ನೇ ಮತ್ತೆ ನೆಡಬಹುದು. ಹಣ್ಣು ಬಿಡಲು ವರ್ಷಗಟ್ಟಲೆ ಬೇಕು, ಇರಲಿ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಕಿತ್ತಳೆಯ ಮೇಲೆ ಕೆಲಸ ನಡೆಯುತ್ತದೆ. ಹೋಗಿ ಕೇಳಬೇಕು ಅಂತಿದ್ದೇನೆ. ಸಸಿ ಕೊಳ್ಳುವವರೂ ಸಂತೆಯಲ್ಲಿ ಸಿಕ್ಕಿದ್ದನ್ನು ತರುವ ಮೊದಲು ಅಂಥ ಕಡೆ ಒಮ್ಮೆ ವಿಚಾರಿಸಿ. ಕಣ್ಣಿಗೆ ಚೆನ್ನಾಗಿ ಕಾಣುವ ಸಸಿಯಲ್ಲೂ ರೋಗ ಅಡಗಿರಬಹುದು.

ಹೀಗೆ ದಾರಿ ಇದ್ದ ಮೇಲೆ ಎಲೆ ಕೀಳಲು ಏನು ಕಷ್ಟ ಅಂತ ನೀನು ಕೇಳುತ್ತೀಯ. ನಾನೂ ಕೇಳಿಕೊಂಡೆ. ಅಜ್ಜಿಗೆ ನೋವಾಗುತ್ತದೆ ಅನ್ನುವುದು ಅರ್ಧ ಮಾತ್ರ. ಇನ್ನರ್ಧ ಯಾರಿಗೂ ಹೇಳಿಲ್ಲ. ಪಿಎಚ್‌ಡಿಗೆ ಹೊರಗೆ ಹೋಗಬೇಕು ಅಂತ ಆಸೆ ನನಗೆ. ಇದೇ ಫ್ಲೋಯಂ ಮೇಲೆ ಕೆಲಸ ಮಾಡಬೇಕು. ಅಪ್ಪ ಮಾತ್ರ ಓದು ಮುಗಿದ ಮೇಲೆ ನಾನು ತೋಟ ನೋಡಿಕೊಳ್ಳಲು ಬರುತ್ತೇನೆ ಅಂತಲೇ ನಂಬಿಕೊಂಡಿದ್ದಾರೆ. ಈ ಸಲ ಕಣದಲ್ಲಿ ಕಾಫಿ ಹರಡುವಾಗಲೂ ಮುಂದಿನ ವರ್ಷ ನಾನು ಮಾಡಬೇಕಾದ ಕೆಲಸ ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ನನಗೆ ಒಂದು ಯೋಚನೆ ಬಂತು: ಆ ಮರವೂ ಹೋದರೆ ಮನೆ ಬಿಟ್ಟು ಹೋಗುವುದು ಸುಲಭವಾಗುತ್ತದೆ. ಬಂದ ಕೂಡಲೇ ಭಯವಾಯಿತು. ಗೆರೆ ಕಂಡಾಗ ನನಗೆ ದುಃಖದ ಜೊತೆ ಬಿಡುಗಡೆಯಾದ ಹಾಗೂ ಅನ್ನಿಸಿಬಿಟ್ಟರೆ? ಅಜ್ಜಿಯ ಮುಖ ಹೇಗೆ ನೋಡಲಿ? ಎಲೆಯ ಹತ್ತಿರ ಹೋದ ಕೈ ವಾಪಸ್ ಬಂದದ್ದು ಅದಕ್ಕೆ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಅಪ್ಪ ಇದನ್ನು ಓದುವುದಿಲ್ಲ. ಚಿಕ್ಕಪ್ಪ ಓದುತ್ತಾರೆ. ಚಿಕ್ಕಪ್ಪ, ದಯವಿಟ್ಟು ನಾನೇ ಹೇಳುವವರೆಗೆ ಸುಮ್ನೆ ಇರಿ.

ಪಕ್ಕದ ಮಾವನ ಸಸಿಗಳನ್ನು ನೆನೆಸಿಕೊಂಡರೆ ಜಾಸ್ತಿ ದಿನ ತಳ್ಳುವ ಹಾಗಿಲ್ಲ. ಹುತ್ತರಿ ಹಬ್ಬಕ್ಕೆ ನೀನು ಬರುತ್ತೀಯಲ್ಲ, ಒಂದು ದಿನ ಮೊದಲೇ ಬಾ. ನಾಲ್ಕೂ ಕಡೆಯ ಎಲೆ ಕೀಳೋಣ. ನೀನು ಕವರ್ ಹಿಡಿದುಕೊಂಡು ಅದರ ಮೇಲೆ ಮೂಡಣ, ಪಡುವಣ ಅಂತ ಬರೆದರೆ ಸಾಕು, ನಿನ್ನ ಅಕ್ಷರ ಚೆನ್ನಾಗಿದೆ. ಹುತ್ತರಿ ಗೆಣಸು ಈ ಸಲ ದಪ್ಪವಾಗಿ ಬಂದಿದೆ. ಜೇನು ಅಜ್ಜಿ ಆಗಲೇ ಎತ್ತಿಟ್ಟಿದ್ದಾರೆ, ನಿನ್ನ ಹೆಸರು ಹೇಳಿ. ಬೆಂಗಳೂರಿನಿಂದ ಬರುವಾಗ ನನಗೆ ಒಂದು ಒಳ್ಳೆಯ ಕೈ ಲೆನ್ಸ್ ತಾ, ಹತ್ತು ಪಟ್ಟು ದೊಡ್ಡದಾಗಿ ಕಾಣುವಂಥದ್ದು. ದುಡ್ಡು ಕೊಡುತ್ತೇನೆ, ಇಸ್ಪೀಟಿನ ಲೆಕ್ಕಕ್ಕೆ ಸೇರಿಸಬೇಡ. ಮತ್ತೆ ಜಾಕೆಟ್ ಮರೆಯಬೇಡ, ಹೋದ ಸಲ ನನ್ನದು ಹಾಕಿಕೊಂಡು ಹೋದವನು ಇನ್ನೂ ಕೊಟ್ಟಿಲ್ಲ.

ನಿನ್ನ,
ಸುಂಟಿಕೊಪ್ಪದ ಕಡೆಯವ