ಕೋಷ್ಟಕ ಹಾಕುವ ಮೊದಲು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ಕೇಪ್‌ಟೌನಿನಿಂದ ನೀನು ಕಳಿಸಿದ ಪ್ರಬಂಧದ ಕರಡು ಓದಿದೆ. ಒಂದು ಕಡೆ ದಕ್ಷಿಣ ಆಫ್ರಿಕಾದ ಖೋಸಾ ಭಾಷೆಯ ಒಳನುಡಿಗಳು, ಇನ್ನೊಂದು ಕಡೆ ಅರಬ್ಬಿಯವು. ಆಯಾ ಭಾಷೆಯ ಒಳನುಡಿಗಳ ನಡುವೆ ಎಷ್ಟೆಷ್ಟು ಪದ ಹೊಂದುತ್ತವೆ ಅಂತ ಎಣಿಸಿ ಕೋಷ್ಟಕ ಹಾಕಿದ್ದೀಯ. ಶ್ರಮ ಪಟ್ಟಿದ್ದೀಯ, ಆದರೆ ಅಕ್ಕಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆಯಲು ಹೊರಟ ಹಾಗಿದೆ.

ನಾನು ಕುವೈತಿನಲ್ಲಿದ್ದಾಗ ದಿನಾ ಊಟ ಮಾಡುತ್ತಿದ್ದ ಹೋಟೆಲ್ಲಿನ ಬೋರ್ಡಿನಲ್ಲಿ ಕೋಳಿಗೆ 'ದಜಾಜ್' ಅಂತ ಬರೆದಿತ್ತು. ಆ ಊರಿನವರು ಕೇಳುತ್ತಿದ್ದದ್ದು 'ದಿಯಾಯ್'. ಅಡುಗೆಯವನು ಈಜಿಪ್ಟಿನವನು, ಅವನ ಬಾಯಲ್ಲಿ ಅದೇ 'ಫಿರಾಖ್'. ಕಾಫಿ ಕುವೈತಿನವನಿಗೆ 'ಗಹ್ವಾ', ಕೈರೋದವನಿಗೆ 'ಅಹ್ವಾ'. ತಮಾಷೆ ಏನಂದರೆ, ಬೋರ್ಡಿನ ಅರಬ್ಬಿಯನ್ನು ಮನೆಯಲ್ಲಿ ಆಡುವವರು ಅಲ್ಲಿ ಒಬ್ಬರೂ ಇರಲಿಲ್ಲ. ಅದು 'ಫುಸ್‌ಹಾ', ಶಾಲೆಯಲ್ಲಿ ಕಲಿಯುವ ಭಾಷೆ. ಹೀಗೆ ಬರೆಯಲು ಒಂದು, ಮನೆಯಲ್ಲಿ ಆಡಲು ಇನ್ನೊಂದು ಇರುವುದನ್ನು ಫರ್ಗ್ಯುಸನ್ ಎಂಬ ಭಾಷಾವಿಜ್ಞಾನಿ 1959ರ ಲೇಖನದಲ್ಲಿ ಡೈಗ್ಲಾಸಿಯಾ ಅಂತ ಕರೆದ. ಮೊರೊಕ್ಕೊದ ಮಗುವಿಗೂ ಕುವೈತಿನ ಮಗುವಿಗೂ ಪಾಠದ ಪುಸ್ತಕ ಮನೆಮಾತಿಗಿಂತ ಬೇರೆಯೇ.

ಖೋಸಾ ಕಥೆ ಬೇರೆ. 1823ರಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಈಗಿನ ಈಸ್ಟರ್ನ್ ಕೇಪ್ ಪ್ರಾಂತ್ಯದ ತ್ಯೂಮೆ ಕಣಿವೆಗೆ ಅಚ್ಚಿನ ಯಂತ್ರ ತಂದರು. ಅಲ್ಲಿ ಸುತ್ತಮುತ್ತ ಕಿವಿಗೆ ಬಿದ್ದದ್ದು ಖೋಸಾದವರಲ್ಲೇ ಒಂದು ಗುಂಪಾದ ಎಂಗ್ಕೀಕಾ ಜನರ ಮಾತು, ಬರಹಕ್ಕೆ ಇಳಿದದ್ದೂ ಅದೇ. ಅಂದರೆ ಒಬ್ಬರ ಮನೆಮಾತೇ ಎಲ್ಲರ ಪುಸ್ತಕದ ಭಾಷೆ ಆಯಿತು. ಅದೇ ಈಸ್ಟರ್ನ್ ಕೇಪಿನಲ್ಲಿ ಎಂಪೊಂಡೊ, ಭಾಚಾ ಒಳನುಡಿ ಆಡುವ ಮಕ್ಕಳು ಶಾಲೆಗೆ ಹೋದರೆ ಪಕ್ಕದ ಮನೆಯವರ ಮಾತನ್ನು 'ಶುದ್ಧ' ಅಂತ ಕಲಿಯಬೇಕು. ಭಾಚಾ ಅಂತೂ ಸದ್ದುಗಳಲ್ಲಿ ಸ್ವಾತಿ ಅನ್ನುವ ಬೇರೆ ಭಾಷೆಯ ಕಡೆಗೆ ವಾಲುತ್ತದೆ. ಆದರೂ ಲೆಕ್ಕಕ್ಕೆ ಅದು ಖೋಸಾ. ಇತ್ತ ಜುಲು, ಖೋಸಾದವರು ಒಬ್ಬರ ಮಾತು ಒಬ್ಬರು ಹೆಚ್ಚುಕಡಿಮೆ ಹಿಡಿಯುತ್ತಾರೆ, ಆದರೆ ಅವು ಎರಡು ಭಾಷೆ. ಬೈಬಲ್ಲೂ ಬೇರೆಬೇರೆಯೇ: ಪೂರ್ತಿ ಬೈಬಲ್ ಖೋಸಾದಲ್ಲಿ 1859ಕ್ಕೆ ಬಂತು, ಜುಲುವಿನಲ್ಲಿ 1883ಕ್ಕೆ. ಮೊರೊಕ್ಕೊದವನೂ ಕುವೈತಿನವನೂ ಸೇರಿದರೆ ಮನೆಮಾತಿನಲ್ಲಿ ತಡವರಿಸುತ್ತಾರೆ, ಆದರೂ ಅದು ಒಂದೇ ಭಾಷೆ! ಪದ ಎಣಿಸಿದರೆ ಇದು ಬಗೆಹರಿಯುತ್ತದಾ ಹೇಳು.

ನೀನು ಕುಂದಾಪುರದವಳು. ಮನೆಯಲ್ಲಿ 'ಹೋಯ್ಕ್' ಅಂದು, ಶಾಲೆಯಲ್ಲಿ 'ಹೋಗಬೇಕು' ಅಂತ ಬರೆದವಳು. ಭಾಚಾ ಹುಡುಗಿಯ ಕಷ್ಟ ನಿನಗೆ ಬೇಗ ಅರ್ಥವಾಗಬೇಕಿತ್ತು. ಬೈಯುತ್ತಿಲ್ಲ, ಸುಮ್ನೆ ನೆನಪಿಸಿದೆ.

ಹಾಸ್ಟೆಲ್ಲಿನಲ್ಲಿ ಈಸ್ಟರ್ನ್ ಕೇಪ್ ಕಡೆಯ ಹುಡುಗಿಯರಿದ್ದಾರೆ ಅಂದಿದ್ದೆಯಲ್ಲ. ಕೋಷ್ಟಕ ಪಕ್ಕಕ್ಕಿಟ್ಟು ಅವರ ಜೊತೆ ಒಂದು ಸಂಜೆ ಕೂತ್ಕೋ. ಯಾವ ಪದಕ್ಕೆ ಟೀಚರ್ ಕೆಂಪು ಗೆರೆ ಎಳೆದಿದ್ದರು ಅಂತ ಕೇಳು. ನಿನ್ನ ಪ್ರಬಂಧ ಅಲ್ಲಿಂದ ಶುರುವಾಗಲಿ.

ಅಂದ ಹಾಗೆ, 'ಖೋಸಾ' ಅನ್ನುವ ಹೆಸರಿನಲ್ಲಿರುವುದು ನಮ್ಮ 'ಖ' ಅಲ್ಲ. ನಾಲಿಗೆಯ ಬದಿಯನ್ನು ದವಡೆ ಹಲ್ಲಿನ ಹತ್ತಿರದಿಂದ ಸೆಳೆಯಬೇಕು, ಎತ್ತು ಹೊಡೆಯುವಾಗ ನಿನ್ನ ಅಜ್ಜ ಬಾಯಲ್ಲಿ ಮಾಡುತ್ತಿದ್ದ ಸದ್ದಿನ ಹಾಗೆ. ವಾರದಿಂದ ಪ್ರಯತ್ನ ಮಾಡ್ತಾ ಇದ್ದೇನೆ, ನಿನ್ನ ಅತ್ತೆ ನಗುತ್ತಾಳೆ. ನಿನಗೆ ಬಂದರೆ ಫೋನಿನಲ್ಲಿ ಕೇಳಿಸು.

ಇಂತಿ,
ನಿನ್ನ ಮಾವ