ಉಚಿತ ಚೆಕಪ್ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ.

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ನಮ್ಮಲ್ಲಿ ಕಾರಿಗೆ ಸಸ್ಪೆನ್ಷನ್ ಕಿಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೆಟ್) ಹಾಕಿಸಿದವರಿಗೆ ಇಷ್ಟು ದಿನ ಎಷ್ಟು ಸಲ ಬಂದರೂ ಚೆಕಪ್ ಉಚಿತವಾಗಿತ್ತು. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಕಿಟ್ ಹಾಕಿ 1000 ಕಿಲೋಮೀಟರ್ ಓಡಿದ ಮೇಲಿನದ್ದು ಮತ್ತು ಆರು ತಿಂಗಳಿನದ್ದು ಮಾತ್ರ ಉಚಿತ. ಆಮೇಲೆ 400 ರೂಪಾಯಿ ಲೇಬರ್ ಆಗುತ್ತದೆ.

ಬೇಜಾರಾಗುತ್ತದೆ ಅಂತ ಗೊತ್ತು. "ಮಾರುವಾಗ ಚಹಾ ಕೊಡ್ತೀರಿ, ಮಾರಿದ ಮೇಲೆ ಬಿಲ್ಲು ಕೊಡ್ತೀರಿ" ಅಂತ ಒಬ್ಬರು ಕೌಂಟರಿನಲ್ಲೇ ಹೇಳಿದರು. ಚಹಾ ಈಗಲೂ ಇದೆ ಮಾರಾಯ್ರೆ.

ನಾವು ಅತಿ ಹೆಚ್ಚು ಕೇಳಿದ ದೂರು ಒಂದೇ: "ನೀವು ಕಿಟ್ ಹಾಕಿದ ಮೇಲೆಯೇ ಕಟಕಟ ಶುರುವಾದದ್ದು." ಕೆಲವು ಸಲ ಅದು ನಿಜ. ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಆರ್ಮಿನ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ ಮಾಡಬೇಕು. ಲಿಫ್ಟಿನಲ್ಲಿ ತೂಗುತ್ತಿರುವಾಗಲೇ ಬಿಗಿ ಮಾಡಿದರೆ, ಕೆಳಗಿಳಿಸಿದಾಗ ಆ ಕೀಲಿನಲ್ಲಿರುವ ರಬ್ಬರ್ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮಳೆಗಾಲದ ಗಡಿಬಿಡಿಯಲ್ಲಿ ಎರಡು ಕಾರಿಗೆ ನಮ್ಮವರು ಹಾಗೆ ಮಾಡಿದ್ದರು. ಕ್ಷಮಿಸಿ. ಇಬ್ಬರಿಗೂ ನಾವೇ ಫೋನ್ ಮಾಡಿ ಕರೆಸಿ ಹೊಸ ಬುಶ್ ಹಾಕಿಕೊಟ್ಟೆವು, ಒಂದು ಪೈಸೆ ತೆಗೆದುಕೊಂಡಿಲ್ಲ.

ಆದರೆ ಎಲ್ಲ ಕಟಕಟವೂ ನಮ್ಮದಲ್ಲ. ಆಟಿ ತಿಂಗಳಲ್ಲಿ ಬದಿಯಡ್ಕದಿಂದ ಒಂದು ಸ್ವಿಫ್ಟ್ ಬಂತು. ಲಿಫ್ಟಿನ ಮೇಲೆ ಒಂದೂವರೆ ಗಂಟೆ. ಟಾಪ್ ಮೌಂಟ್ ಸರಿ, ಲಿಂಕ್ ರಾಡ್ ಸರಿ. ಕೊನೆಗೆ ನೋಡಿದರೆ ಸ್ಟೆಪ್ನಿ ಪಕ್ಕ ಜಾಕಿಯ ರಾಡು ಕುಣಿಯುತ್ತಿತ್ತು! ಹಳೇ ಬೈರಾಸು ಸುತ್ತಿದೆವು, ಶಬ್ದ ನಿಂತಿತು. ಆ ಹೊತ್ತಿನಲ್ಲಿ ಹೊರಗೆ ಮೂರು ಕಾರು ಕಾಯುತ್ತಿದ್ದವು.

ಇನ್ನು ತಲಪಾಡಿ–ಚೆಂಗಳ ಹೆದ್ದಾರಿ ಕೆಲಸದ ಸರ್ವಿಸ್ ರೋಡು ಬುಶ್‌ಗಳಿಗೆ ಏನು ಮಾಡಿದೆ ಅಂತ ನಿಮಗೆ ನಾವು ಹೇಳಬೇಕಾ?

ಖರ್ಚಿನ ಮಾತು. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಲೀಕ್ ಆದರೆ ಕಂಪನಿ ಹೊಸದು ಕೊಡುತ್ತದೆ, ಬಿಚ್ಚಿ ಹಾಕುವ ಕೂಲಿ ಕೊಡುವುದಿಲ್ಲ. ಹೋಗಿ ಬರುವ ಪಾರ್ಸೆಲ್ ಖರ್ಚು ನಮ್ಮ ತಲೆಗೆ. ಜಿಎಸ್‌ಟಿ ಇಳಿದದ್ದನ್ನು ನಾವು ನುಂಗಿದೆವು ಅನ್ನುವವರು ದಯವಿಟ್ಟು ಹಳೇ ಬಿಲ್ಲು ತನ್ನಿ. 28 ಇದ್ದ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ರಿಂದ 18 ಅಂತಲೇ ಬರೆದಿದ್ದೇವೆ. ಲೇಬರಿಗೆ ಮೊದಲೂ 18, ಈಗಲೂ 18. ಅದರಲ್ಲಿ ನುಂಗಲು ಏನಿದೆ?

1000 ಕಿಲೋಮೀಟರಿನ ಚೆಕಪ್ ಮಾತ್ರ ತಪ್ಪಿಸಬೇಡಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ, ಚಕ್ರಗಳ ಅಲೈನ್‌ಮೆಂಟ್ ಬದಲಾಗುತ್ತದೆ. ಉಚಿತ ಇದ್ದಾಗಲೂ ಎಷ್ಟೋ ಜನ ಬರಲಿಲ್ಲ. ಟಯರಿನ ಒಳಬದಿ ಸವೆದು ತಂತಿ ಕಂಡ ಮೇಲೆ ಬಂದರು.

ಇನ್ನು ಮುಂದೆ ಬಿಗಿ ಮಾಡಿದ ಪ್ರತಿ ಬೋಲ್ಟಿನಿಂದ ಅದರ ಪಕ್ಕದ ಭಾಗದವರೆಗೆ ಹಳದಿ ಪೇಂಟಿನ ಗೆರೆ ಎಳೆದು, ನಿಮ್ಮ ಎದುರೇ ಫೋಟೋ ತೆಗೆಯುತ್ತೇವೆ. ಆ ಗೆರೆ ತುಂಡಾಗಿದ್ದರೆ ಬೋಲ್ಟ್ ಸಡಿಲವಾಗಿದೆ ಅಂತಲೇ ಲೆಕ್ಕ. ಆಗ ಎಷ್ಟು ವರ್ಷ ಆಗಿದ್ದರೂ 400 ಬೇಡ, ತಪ್ಪು ನಮ್ಮದು.

ಶಬ್ದ ಬಂದರೆ ಮೊದಲು ಡಿಕ್ಕಿ ಖಾಲಿ ಮಾಡಿ ಒಂದು ಸುತ್ತು ಓಡಿಸಿ ನೋಡಿ. ಆಮೇಲೂ ಇದ್ದರೆ ಬೆಳಿಗ್ಗೆ ಎಂಟಕ್ಕೇ ಬನ್ನಿ, ಆ ಹೊತ್ತಿಗೆ ಲಿಫ್ಟ್ ಖಾಲಿ ಇರುತ್ತದೆ. ಮಲಯಾಳದಲ್ಲಿ ಇದೇ ಪತ್ರ ಕೌಂಟರಿನ ಹತ್ತಿರ ಅಂಟಿಸಿದ್ದೇವೆ.

ನಿಮ್ಮ,
ಕುಂಬಳೆ ವರ್ಕ್‌ಶಾಪಿನವರು